ತಯಾರಕ ಸಂಸ್ಥೆ ಮುಚ್ಚಿದಾಗ ವಾರಂಟಿಯ ಗತಿ ಏನು?

(ನಾರಾವಿ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಗ್ರಾಮ ಪಂಚಾಯತ್ ಕೊಳವೆಬಾವಿಯ ಪಂಪು, ಸೌರ ಬೀದಿದೀಪ, ಕುಡಿಯುವ ನೀರಿನ ಶುದ್ಧೀಕರಣ ಯಂತ್ರಗಳನ್ನು ಖರೀದಿಸಿದಾಗ ಬಿಲ್ಲಿನೊಡನೆ ವಾರಂಟಿ ಪತ್ರವೂ ಕಡತ ಸೇರುತ್ತದೆ. ಅಡಿಕೆ ತೋಟಕ್ಕೆ ಸಿಂಪಡಣೆ ಯಂತ್ರ ಕೊಳ್ಳುವ ಕೃಷಿಕರ ವಿಷಯವೂ ಇದೇ. ಐದು ವರ್ಷಗಳ ವಾರಂಟಿ ನೀಡಿದ ಕಂಪನಿ ಎರಡನೆಯ ವರ್ಷದಲ್ಲೇ ದಿವಾಳಿಯಾದರೆ ಉಳಿದ ಮೂರು ವರ್ಷಗಳ ಹೊಣೆ ಯಾರದು? ಏಪ್ರಿಲ್ ತಿಂಗಳಲ್ಲಿ ಪಂಪು ಕೆಟ್ಟರೆ ಈ ಪ್ರಶ್ನೆ ನೇರವಾಗಿ ನಳ್ಳಿಗೆ ಬಂದು ನಿಲ್ಲುತ್ತದೆ.

ದೊಡ್ಡ ಹೆಸರು ರಕ್ಷಣೆಯಲ್ಲ. ಮೋಟಾರು, ಟ್ರಾನ್ಸ್‌ಫಾರ್ಮರುಗಳಿಗೆ ಹೆಸರಾಗಿದ್ದ ಬೆಂಗಳೂರಿನ ಎನ್‌ಜಿಇಎಫ್ ಮುಚ್ಚಿತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟವೇ ಒಪ್ಪಿತು. ಮನೆಮನೆಯ ಟಿವಿಯಾಗಿದ್ದ ವಿಡಿಯೊಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಲ್ಲಿ ಸಾಲಗಾರರಿಗೆ ಬರಬೇಕಾದದ್ದು ಸುಮಾರು 65,000 ಕೋಟಿ ರೂಪಾಯಿ. 2021ರಲ್ಲಿ ಮುಂದಿಟ್ಟ ಯೋಜನೆಯ ಮೊತ್ತ 3,000 ಕೋಟಿಗೂ ಕಡಿಮೆ. ಆ ಯೋಜನೆಯೂ 2022ರಲ್ಲಿ ರದ್ದಾಯಿತು. ಬ್ಯಾಂಕುಗಳ ಪಾಡೇ ಹೀಗಿರುವಲ್ಲಿ ವಾರಂಟಿ ಹಿಡಿದ ಗ್ರಾಹಕನಿಗೆ ದಕ್ಕುವುದೇನು?

ವಾರಂಟಿ ಎಂಬುದು ಕರಾರು. ಕಂಪನಿ ಮುಚ್ಚಿದರೂ ಅದು ತಾನಾಗಿ ಅಳಿಯದು. ಆದರೆ ಈಡೇರಿಸುವವರು ಇರುವುದಿಲ್ಲ. ದಿವಾಳಿ ಸಂಹಿತೆ, 2016ರ 53ನೆಯ ಕಲಮಿನಂತೆ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರು ಹಾಗೂ ಭದ್ರತೆ ಪಡೆದ ಸಾಲದಾತರು, ನೌಕರರು, ಸರ್ಕಾರದ ಬಾಕಿ ಇವೆಲ್ಲ ಮೊದಲು. ವಾರಂಟಿಯ ಹಕ್ಕು ‘ಉಳಿದ ಬಾಕಿ’ಗಳ ಸಾಲಿನಲ್ಲಿ. 14ನೆಯ ಕಲಮಿನ ತಡೆಯಾಜ್ಞೆ ಇರುವಷ್ಟು ಕಾಲ ಕಂಪನಿಯ ವಿರುದ್ಧ ದಾವೆಯೂ ನಡೆಯದು. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ನಿಗದಿತ ದಿನದೊಳಗೆ ಹಕ್ಕು ಸಲ್ಲಿಸಬೇಕು. ಸಲ್ಲಿಸದೆ ಬಿಟ್ಟ ಹಕ್ಕು ಯೋಜನೆ ಮಂಜೂರಾದ ಬಳಿಕ ಉಳಿಯದು.

ಆದರೂ ಮೂರು ದಾರಿಗಳು ತೆರೆದಿವೆ.

ಮೊದಲನೆಯದು ಮಾರಾಟಗಾರ. ಸರಕು ಮಾರಾಟ ಅಧಿನಿಯಮ, 1930ರಂತೆ, ಸರಕು ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಹೊಣೆ ಹಲವು ಸಂದರ್ಭಗಳಲ್ಲಿ ಮಾರಿದವನ ಮೇಲೆಯೇ ಇರುತ್ತದೆ. ಆದ್ದರಿಂದ “ಕಂಪನಿಯನ್ನೇ ಕೇಳಿ” ಎಂಬ ಅಂಗಡಿಯ ಮಾತು ಕೊನೆಯ ಉತ್ತರವಲ್ಲ. ದೋಷಯುಕ್ತ ಯಂತ್ರದಿಂದ ಯಾರಿಗಾದರೂ ಗಾಯವಾಗಿ, ತಯಾರಕನ ಮೇಲೆ ಆದೇಶ ಜಾರಿಮಾಡಲಾಗದಿದ್ದರೆ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 86ನೆಯ ಕಲಮು ಮಾರಾಟಗಾರನನ್ನೇ ಹೊಣೆಯಾಗಿಸುತ್ತದೆ. ಕೃಷಿಕರು ಎರಡು ವರ್ಷಗಳೊಳಗೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸಹಾಯವಾಣಿ 1915.

ಎರಡನೆಯದು ಬೇರೆ ಸಂಸ್ಥೆ ನೀಡಿದ ವಿಸ್ತರಿತ ವಾರಂಟಿ. ತಯಾರಕ ಮುಳುಗಿದರೂ ಕರಾರು ಬರೆದುಕೊಟ್ಟ ಸಂಸ್ಥೆ ಉತ್ತರಿಸಬೇಕು.

ಮೂರನೆಯದು, ಪಂಚಾಯತಿಗೆ ಅತಿ ಮುಖ್ಯವಾದುದು, ಬ್ಯಾಂಕ್ ಖಾತರಿ. ಇಲ್ಲಿ ಹಣ ಕೊಡಬೇಕಾದವರು ಬ್ಯಾಂಕಿನವರು. ದಿವಾಳಿ ಸಂಹಿತೆಯ ತಡೆಯಾಜ್ಞೆ ಖಾತರಿದಾರರಿಗೆ ಅನ್ವಯಿಸದ ಕಾರಣ, ಸರಬರಾಜುದಾರ ದಿವಾಳಿಯಾದರೂ ಕಾರ್ಯನಿರ್ವಹಣಾ ಖಾತರಿಯನ್ನು ನಗದಾಗಿಸಿಕೊಳ್ಳಬಹುದು. ಆದರೆ ಅದರ ಅವಧಿ ಮುಗಿದಿರಬಾರದು. ಐದು ವರ್ಷಗಳ ವಾರಂಟಿಗೆ ಒಂದು ವರ್ಷದ ಖಾತರಿ ಪಡೆದರೆ ಉಳಿದ ನಾಲ್ಕು ವರ್ಷ ಕಾಗದವಷ್ಟೇ ಉಳಿಯುತ್ತದೆ.

ಆದುದರಿಂದ ಖರೀದಿಯ ನಿರ್ಣಯ ಕೈಗೊಳ್ಳುವ ಮುನ್ನ ಸದಸ್ಯರು ಈ ಪ್ರಶ್ನೆಗಳನ್ನು ಕೇಳತಕ್ಕದ್ದು:

1. ವಾರಂಟಿಗೆ ತಯಾರಕನೊಡನೆ ಸರಬರಾಜುದಾರನೂ ಸಹಿ ಮಾಡಿರುವನೇ?
2. ಬ್ಯಾಂಕ್ ಖಾತರಿ ವಾರಂಟಿ ಮುಗಿಯುವವರೆಗೂ ಚಾಲ್ತಿಯಲ್ಲಿರುವುದೇ?
3. ಬಿಡಿಭಾಗಗಳು ಇತರ ಕಂಪನಿಯದ್ದಾದರೂ ಹೊಂದುತ್ತವೆಯೇ? ಬೆಳ್ತಂಗಡಿ, ಕಾರ್ಕಳದ ಮೆಕ್ಯಾನಿಕರು ದುರಸ್ತಿ ಮಾಡಬಲ್ಲರೇ?
4. ಬಿಲ್ಲು, ಯಂತ್ರದ ಕ್ರಮಸಂಖ್ಯೆ, ಅಳವಡಿಸಿದ ದಿನಾಂಕ ಆಸ್ತಿ ವಹಿಯಲ್ಲಿ ದಾಖಲಾಗಿವೆಯೇ?

ಕಡಿಮೆ ದರ ನಮೂದಿಸಿದವರಿಗೆ ಕೆಲಸ ವಹಿಸುವಾಗ ಈ ನಾಲ್ಕಕ್ಕೂ ಉತ್ತರ ಕಡತದಲ್ಲಿರಲಿ. ಕಂಪನಿಯ ಆಯುಷ್ಯ ಪಂಚಾಯತಿಯ ಕೈಯಲ್ಲಿಲ್ಲ; ಖಾತರಿಯ ಅವಧಿ ಪಂಚಾಯತಿಯ ಕೈಯಲ್ಲಿದೆ.