ಕೈಗೆ ಗೊತ್ತಿರುವುದನ್ನು ಬರೆದಿಡೋಣ

ಶಹಾಪುರ, ಸುರಪುರ, ಯಾದಗಿರಿ ಕಡೆಯಿಂದ ಅಂಗಡಿ ಬಾಗಿಲು ಹಾಕಿಕೊಂಡು ಬಂದಿರುವ ಮುದ್ರಕರೇ, ಡಿಟಿಪಿ ಮತ್ತು ಫ್ಲೆಕ್ಸ್ ಕೆಲಸದ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ಲಗ್ನದ ಸೀಸನ್ನಿನಲ್ಲಿ ಒಂದು ದಿನದ ದುಡಿಮೆ ಬಿಟ್ಟು ಬರುವುದು ಎಷ್ಟು ಕಷ್ಟವೆಂದು ಬಲ್ಲೆ. ಹಾಗಾಗಿ ಈ ಸಮಾವೇಶದ ಅಧ್ಯಕ್ಷನ ನೆಲೆಯಲ್ಲಿ ಒಂದೇ ವಿಷಯ ಎತ್ತಿಕೊಳ್ಳುತ್ತೇನೆ. ನಮ್ಮ ಕಂಪ್ಯೂಟರುಗಳಲ್ಲಿ ಕೆಲಸವನ್ನು ತಾನಾಗಿ ಮಾಡಿ ಮುಗಿಸುವ ಮ್ಯಾಕ್ರೊ, ಆಕ್ಷನ್, ಸ್ಕ್ರಿಪ್ಟುಗಳಿಗೆ ನಾವೇ ಕನ್ನಡದಲ್ಲಿ ಕೈಪಿಡಿ ಬರೆಯಬೇಕು. ಅದನ್ನು ನಮ್ಮ ಬದಲು ಕಂಪ್ಯೂಟರ್ ನಡೆಸುವ ಎಐ ಏಜೆಂಟ್ ಕೂಡ ಓದಿ ನಡೆದುಕೊಳ್ಳುವಂತಿರಬೇಕು.

ಕೋರೆಲ್ ಡ್ರಾದಲ್ಲಿ ವಿಬಿಎ ಮ್ಯಾಕ್ರೊ ಇದೆ, ಫೋಟೋಶಾಪಿನಲ್ಲಿ ಆಕ್ಷನ್ ಇದೆ, ಇನ್‌ಡಿಸೈನಿನಲ್ಲಿ ಡೇಟಾ ಮರ್ಜ್ ಇದೆ. ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್, ಸ್ಕ್ರೈಬಸ್‌ಗಳನ್ನು ಪೈಥಾನಿನಿಂದ ನಡೆಸಬಹುದು. ಶಾಲೆಯ ನೂರಾರು ಐಡಿ ಕಾರ್ಡು ಒಂದು ಬಟನ್ನಿಗೆ ತಯಾರಾಗುತ್ತವೆ. ಆದರೆ ಆ ಬಟನ್ ಮಾಡಿಟ್ಟ ಹುಡುಗ ಬೆಂಗಳೂರಿಗೋ ಪುಣೆಗೋ ಹೋದನೆಂದರೆ ಬಟನ್ ಮಾತ್ರ ಇಲ್ಲಿ ಉಳಿಯುತ್ತದೆ. ಅದು ಏನು ಬೇಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಅವನ ತಲೆಯೊಳಗೇ ಇರುತ್ತದೆ.

ಇಷ್ಟು ದಿನ ಫೋನ್ ಮಾಡಿ ಅವನನ್ನು ಕೇಳುತ್ತಿದ್ದೆವು. ಇನ್ನು ಮುಂದೆ ಆ ಬಟನ್ ಒತ್ತುವವರಲ್ಲಿ ಏಜೆಂಟೂ ಒಂದು. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಕಂಪನಿ ಏಜೆಂಟನ್ನು ಸಾಧನಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಮಾನದಂಡವನ್ನು ಪ್ರಕಟಿಸಿತು. ಅದರಲ್ಲಿ ಪ್ರತಿ ಸಾಧನಕ್ಕೂ ಒಂದು ಹೆಸರು, ಅದರ ಕೆಲಸದ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ಪಟ್ಟಿ ಇರುತ್ತವೆ. ಯಾವ ಸಾಧನವನ್ನು ಯಾವಾಗ ಬಳಸಬೇಕೆಂದು ಏಜೆಂಟ್ ತೀರ್ಮಾನಿಸುವುದು ಆ ವಿವರಣೆಯನ್ನು ಓದಿಯೇ. ಅದು ನಮ್ಮ ಅಂಗಡಿ ಕಂಡಿಲ್ಲ, ಗಿರಾಕಿಯ ಮುಖ ಕಂಡಿಲ್ಲ. ನಾವು ಬರೆಯದೆ ಬಿಟ್ಟ ಜಾಗವನ್ನು ಊಹೆಯಿಂದ ತುಂಬಿಕೊಳ್ಳುತ್ತದೆ.

ಊಹೆ ಎಲ್ಲಿ ಕೆಡುತ್ತದೆ ನೋಡಿ. "ಅಣ್ಣಾ, ಹತ್ತು-ಎಂಟರದು ಒಂದ್ ಬ್ಯಾನರ್ ಮಾಡ್ರಿ" ಅಂತ ಗಿರಾಕಿ ಹೇಳಿದರೆ ಅದು ಅಡಿಯ ಲೆಕ್ಕವೆಂದು ನಮ್ಮಲ್ಲಿ ಹೊಸ ಹುಡುಗನಿಗೂ ಗೊತ್ತು. ಏಜೆಂಟಿಗೆ ಅದು ಇಂಚೂ ಆಗಬಹುದು, ಸೆಂಟಿಮೀಟರೂ ಆಗಬಹುದು. ಚೌಕಟ್ಟಿಗೆ ಮಡಚಲು ಎಷ್ಟು ಅಂಚು ಬಿಡಬೇಕು, ಬಣ್ಣ ಸಿಎಂವೈಕೆಯಲ್ಲಿರಬೇಕೋ ಆರ್‌ಜಿಬಿಯಲ್ಲೋ, ಇವನ್ನೆಲ್ಲ ಬರೆಯಲೇಬೇಕು.

ಅಳತೆಗಿಂತ ದೊಡ್ಡ ತೊಡಕು ನಮ್ಮ ಅಕ್ಷರದ್ದು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಆದರೂ ನಮ್ಮ ಹಳೆಯ ಕಡತಗಳಲ್ಲಿ ಬಹುಪಾಲು ಅದರಲ್ಲೇ, ನುಡಿ ತಂತ್ರಾಂಶದ ಅಕ್ಷರಗಳಲ್ಲೇ ಇವೆ. ತೆರೆಯ ಮೇಲೆ 'ಕ' ಕಂಡರೂ ಕಡತದ ಒಳಗೆ ಕೂತಿರುವುದು ಇಂಗ್ಲಿಷಿನ 'ಪಿ' ಮತ್ತು ಅದರ ಪಕ್ಕ ಇನ್ನೊಂದು ಚಿಹ್ನೆ. 'ಧರ್ಮ' ಎಂಬಲ್ಲಿಯ ಅರ್ಕಾವತ್ತು ಹಳೆಯ ಕಡತದಲ್ಲಿ 'ಮ'ದ ನಂತರ ಬರುತ್ತದೆ. ಯೂನಿಕೋಡಿನಲ್ಲಿ 'ಮ'ಕ್ಕಿಂತ ಮೊದಲೇ 'ರ್' ಬರುತ್ತದೆ. ಇದು ಗೊತ್ತಿಲ್ಲದ ಏಜೆಂಟಿಗೆ ಕಾಗುಣಿತ ತಿದ್ದು ಎಂದರೆ ಇಡೀ ಲಗ್ನಪತ್ರಿಕೆ ಕಲಸಿಹೋಗುತ್ತದೆ. ಆದ್ದರಿಂದ ಕೈಪಿಡಿಯ ಮೊದಲ ಸಾಲಿನಲ್ಲೇ ಹೀಗಿರಲಿ: ಈ ಕಡತ ನುಡಿಯದು; ಯೂನಿಕೋಡಿಗೆ ಪರಿವರ್ತಿಸದೆ ಮುಟ್ಟಬೇಡ; ಪರಿವರ್ತಿಸಿದ್ದನ್ನು ಮನುಷ್ಯರೊಬ್ಬರು ಓದುವವರೆಗೆ ಮುಂದೆ ಹೋಗಬೇಡ. ತಿಂಥಣಿ ಮೌನೇಶ್ವರ ಜಾತ್ರೆಗೆ ಕನ್ನಡದ ಜೊತೆ ಉರ್ದುವಿನಲ್ಲೂ ಬ್ಯಾನರ್ ಬೇಕೆಂದರೆ, ಉರ್ದು ತಂತ್ರಾಂಶ ಇನ್‌ಪೇಜಿನಿಂದ ತಂದ ಸಾಲು ಬಲದಿಂದ ಎಡಕ್ಕೆ ಓದುವಂಥದ್ದು, ಅದನ್ನು ತಿರುಗಿಸಬೇಡ ಎಂದೂ ಬರೆಯಬೇಕು.

ಮೂರನೆಯದು ರೀತಿ-ರಿವಾಜು. ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದು ಆ ಮನೆಯವರು ಕೂತು ತೀರ್ಮಾನಿಸಿದ ವಿಷಯ. ಏಜೆಂಟ್ ಅದನ್ನು ಅಕಾರಾದಿಯಲ್ಲಿ ಜೋಡಿಸಿಬಿಟ್ಟರೆ ಬೀಗರ ನಡುವೆ ಜಗಳ ಖಚಿತ. ತೀರಿಹೋದವರ ಹೆಸರಿನ ಹಿಂದಿನ 'ದಿ.' ಬಿಟ್ಟುಹೋದರೂ ಹಾಗೆಯೇ, ಬದುಕಿರುವವರ ಹಿಂದೆ ಸೇರಿಕೊಂಡರಂತೂ ಮುಗಿದೇಹೋಯಿತು. ಹೆಸರುಗಳ ಕ್ರಮ ಬದಲಿಸಬೇಡ, ಸಂದೇಹ ಬಂದರೆ ನಿಲ್ಲು, ಕೇಳು ಎಂಬ ಮಾತನ್ನು ಕೈಪಿಡಿ ಸ್ಪಷ್ಟವಾಗಿ ಹೇಳಬೇಕು.

ಇನ್ನು ಕಾನೂನು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರುಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿನ್ಯಾಸ ಚೆಂದ ಕಾಣಲಿ ಎಂದು ಏಜೆಂಟ್ ಕೆಳಗಿನ ಆ ಸಣ್ಣ ಸಾಲನ್ನು ತೆಗೆದುಹಾಕಿದರೂ ಪ್ರಕರಣ ದಾಖಲಾಗುವುದು ನಮ್ಮ ಮೇಲೆ.

ಬರೆದಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಯ ಭಾಗವೊಂದಿದೆ. ಗೋಡೆ ಹದ ಮಾಡುವುದು, ಎಮ್ಮೆಯ ಚರ್ಮ ಕುದಿಸಿ ವಜ್ರಲೇಪವೆಂಬ ಅಂಟು ತಯಾರಿಸುವುದು, ಕುಂಚ, ಬಣ್ಣ ಎಲ್ಲವೂ ಅಲ್ಲಿವೆ. ಚಿತ್ರ ಚೆನ್ನಾಗಿರಲಿ ಎಂದಷ್ಟೇ ಹೇಳಿ ಆ ಗ್ರಂಥ ಸುಮ್ಮನಾಗಲಿಲ್ಲ; ಯಾವ ಸಾಮಗ್ರಿ, ಹೇಗೆ ಹದ ಮಾಡಬೇಕು ಎಂದು ಹೇಳಿತು. ನಮ್ಮ ಕೈಪಿಡಿಗೂ ಅದೇ ಖಚಿತತೆ ಬೇಕು.

ಬರೆದುಕೊಟ್ಟರೆ ನಮ್ಮ ಹೊಟ್ಟೆಪಾಡೇ ಹೋಗುತ್ತದಲ್ಲ ಎಂಬ ಅಂಜಿಕೆ ಇಲ್ಲಿ ಕೂತ ಹಲವರಿಗಿದೆ. ಅದು ಸುಳ್ಳು ಅಂಜಿಕೆಯಲ್ಲ. ಬರೇ ಟೈಪಿಂಗ್, ಬರೇ ಸೈಜು ಬದಲಿಸುವ ಕೆಲಸ ಕಡಿಮೆಯಾಗಬಹುದು. ಆದರೆ ನಾವು ಬರೆಯದಿದ್ದರೆ ಏಜೆಂಟ್ ಬರುವುದು ನಿಲ್ಲುವುದಿಲ್ಲ. ಬೇರೆ ಊರಿನವರು ಬರೆದ ನಿಯಮ ಹೊತ್ತು ಬರುತ್ತದೆ. ನಿಯಮ ಬರೆದವರ ಕೈಯಲ್ಲಿ ಕೆಲಸದ ಲಗಾಮೂ ಇರುತ್ತದೆ.

ಆದ್ದರಿಂದ ಸಮಾವೇಶದ ಮುಂದೆ ಮೂರು ಸೂಚನೆ ಇಡುತ್ತೇನೆ. ಒಂದು, ಪ್ರತಿ ಅಂಗಡಿಯವರೂ ಹೆಚ್ಚು ಬಳಸುವ ಒಂದು ಮ್ಯಾಕ್ರೊಗೆ ಒಂದು ಪುಟದ ಟಿಪ್ಪಣಿ ಬರೆಯಲಿ: ಏನು ಕೊಡಬೇಕು, ಏನು ಬರುತ್ತದೆ, ಏನು ಮಾಡಬಾರದು, ಎಲ್ಲಿ ನಿಂತು ಕೇಳಬೇಕು. ಎರಡು, ಅದನ್ನು ಮೊದಲು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ-ಹುಡುಗಿಯರಿಗೆ ಕೊಟ್ಟು ನೋಡೋಣ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಇನ್ನೊಂದು ಸಾಲು ಸೇರಿಸೋಣ. ಮೂರು, ಗಿರಾಕಿಯ ಫೋಟೊ, ಫೋನ್ ನಂಬರು, ಆಧಾರ್ ಪ್ರತಿ ಯಾವ ಟಿಪ್ಪಣಿಯಲ್ಲೂ ಉದಾಹರಣೆಗೆಂದೂ ಸೇರದಿರಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಐಡಿ ಕಾರ್ಡಿನ ಮ್ಯಾಕ್ರೊದಿಂದಲೇ ಶುರು ಮಾಡೋಣ. ಕಾಗದ, ಪೆನ್ನು ತಂದಿಟ್ಟಿದ್ದಾರೆ.