ಭಯಪಟ್ಟವರ ಮಾತನ್ನು ಮೊದಲು ಕೇಳೋಣ



ಧರ್ಮ ಮತ್ತು ಭಯ ಒಂದೇ ತೆರೆಯ ಮೇಲೆ ಕೂಡಿ ಬಂದಾಗ ನೋಡುಗರು ಹೇಗೆ ಪ್ರತಿಕ್ರಿಯಿಸುತ್ತಾರೆ, ಆ ಪ್ರತಿಕ್ರಿಯೆಯನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದು ಈ ಎರಡು ದಿನಗಳ ವಿಚಾರ ಸಂಕಿರಣದ ವಿಷಯ. ವಿಷಯ ವಿಸ್ತಾರವಾದದ್ದು. ಆದ್ದರಿಂದ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. ಅದು 'ದಿ ಎಕ್ಸಾರ್ಸಿಸ್ಟ್'. ವಿಲಿಯಂ ಪೀಟರ್ ಬ್ಲಾಟಿ 1971ರಲ್ಲಿ ಪ್ರಕಟಿಸಿದ ಕಾದಂಬರಿಗೆ ಅವರೇ ಚಿತ್ರಕಥೆ ಬರೆದರು, ವಿಲಿಯಂ ಫ್ರೀಡ್‌ಕಿನ್ ನಿರ್ದೇಶಿಸಿದರು. ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 1973ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯಲ್ಲಿ ತಾಯಿಯ ಜೊತೆಗಿರುವ ರೀಗನ್ ಎಂಬ ಹುಡುಗಿಯ ಮೈಯನ್ನು ದುಷ್ಟಶಕ್ತಿಯೊಂದು ಹೊಗುತ್ತದೆ. ಇಬ್ಬರು ಪಾದ್ರಿಗಳು ತಮ್ಮ ಪ್ರಾಣ ತೆತ್ತು ಅವಳನ್ನು ಬಿಡಿಸುತ್ತಾರೆ. ಕಥೆ ಇಷ್ಟೇ.

ಆದರೆ ಚಿತ್ರಮಂದಿರಗಳಲ್ಲಿ ನಡೆದದ್ದು ಇಷ್ಟೇ ಅಲ್ಲ. ಕೊರೆಯುವ ಚಳಿಯಲ್ಲಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಒಳಗೆ ಹೋದವರಲ್ಲಿ ಕೆಲವರು ಮೂರ್ಛೆ ಹೋದರು, ಕೆಲವರು ವಾಂತಿ ಮಾಡಿಕೊಂಡರು, ಕೆಲವರು ಅರ್ಧಕ್ಕೇ ಎದ್ದು ಬಂದರು. ಮನೆ ಸೇರಿದ ಮೇಲೂ ನಿದ್ದೆ ಬಾರದೆ ಒದ್ದಾಡಿದವರು, ಚರ್ಚಿನ ಬಾಗಿಲು ತಟ್ಟಿದವರು, ವೈದ್ಯರ ಹತ್ತಿರ ಹೋದವರು ಇದ್ದರು. ವಾಷಿಂಗ್ಟನ್ ನಗರದಲ್ಲಿ ಅಧಿಕಾರಿಗಳೇ ಮಧ್ಯೆ ಬಂದು ಅಪ್ರಾಪ್ತರಿಗೆ ಪ್ರವೇಶ ನಿಲ್ಲಿಸಿದರು. ಇಷ್ಟೆಲ್ಲದರ ನಡುವೆ ಚಿತ್ರಕ್ಕೆ 10 ಆಸ್ಕರ್ ನಾಮನಿರ್ದೇಶನಗಳು ಬಂದವು. ಎರಡು ಪ್ರಶಸ್ತಿ ದಕ್ಕಿದವು. ಭಯಾನಕ ಚಿತ್ರವೊಂದು ಅತ್ಯುತ್ತಮ ಚಿತ್ರದ ಸ್ಪರ್ಧೆಯಲ್ಲಿ ನಿಂತದ್ದು ಅದೇ ಮೊದಲು.

ಈ ಪ್ರೇಕ್ಷಕರ ಬಗ್ಗೆ ಆಗ ಎಲ್ಲರೂ ಮಾತಾಡಿದರು. ಪತ್ರಿಕೆಗಳಿಗೆ ಮೂರ್ಛೆ ಹೋದವರು ಸುದ್ದಿಯಾದರು, ಚಿತ್ರೋದ್ಯಮಕ್ಕೆ ಅದೇ ಪ್ರಚಾರವಾಯಿತು. ಧರ್ಮಗುರುಗಳಿಗೆ ಅವರು ಎಚ್ಚರಿಕೆಯ ಉದಾಹರಣೆ, ವಿಮರ್ಶಕರಿಗೆ ಕೆಟ್ಟ ಅಭಿರುಚಿಯ ಗುರುತು. ಅವರವರ ಬಾಯಿಂದಲೇ ಅವರ ಮಾತನ್ನು ಕೇಳಿಸಿಕೊಂಡವರು ಬಹಳ ಕಡಿಮೆ. ಈ ಸಂಕಿರಣದ ಮುಂದೆ ನಾನಿಡುವ ಆಶಯ ಒಂದೇ: ಸಿನಿಮಾ ನೋಡಿ ನಡುಗಿದವರನ್ನು ನಮ್ಮ ವಾದಕ್ಕೆ ಬಳಸಿಕೊಳ್ಳುವ ಮುನ್ನ ಅವರ ಮಾತನ್ನು ಕೇಳಬೇಕು. ಅವರ ನಡುಕ ಒಂದು ಸಾಕ್ಷ್ಯ. ಚಿತ್ರ ಏನು ಮಾಡಿತು ಎಂಬುದರ ಜೊತೆಗೆ, ಆ ಜನ ಆ ಹೊತ್ತಿಗೆ ಎದೆಯಲ್ಲಿ ಏನನ್ನು ಹೊತ್ತುಕೊಂಡು ಬಂದಿದ್ದರು ಎಂಬುದನ್ನೂ ಅದು ಹೇಳುತ್ತದೆ.

ಏನನ್ನು ಹೊತ್ತುಕೊಂಡು ಬಂದಿದ್ದರು? ಕ್ಯಾಥೊಲಿಕ್ ಚರ್ಚಿನಿಂದಲೇ ಶುರು ಮಾಡೋಣ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯ ಭಾಷೆ ಲ್ಯಾಟಿನ್‌ನಿಂದ ಜನರ ಮಾತಿಗೆ ಬದಲಾಯಿತು. ನರಕ, ಸೈತಾನ, ಶಾಪ ಇವುಗಳ ಮಾತು ಪ್ರವಚನ ವೇದಿಕೆಯಲ್ಲಿ ಕಡಿಮೆಯಾಯಿತು. 1972ರಲ್ಲಿ ಆರನೆಯ ಪೋಪ್ ಪಾಲ್ ಅವರು ಪಾದ್ರಿಯಾಗುವ ಹಾದಿಯಲ್ಲಿದ್ದ 'ಭೂತೋಚ್ಚಾಟಕ' ಎಂಬ ಕಿರಿಯ ದೀಕ್ಷೆಯನ್ನು ತೆಗೆದುಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ಅದೇ ಪೋಪ್, ಸೈತಾನ ಬರಿಯ ಕಲ್ಪನೆಯಲ್ಲ, ನಿಜವಾಗಿಯೂ ಇರುವ ಶಕ್ತಿ ಎಂದು ಪ್ರವಚನ ಮಾಡಿದರು. ಒಂದೇ ವರ್ಷದಲ್ಲಿ ಒಂದು ಕೈ ತೆಗೆದದ್ದನ್ನು ಇನ್ನೊಂದು ಕೈ ಹಿಡಿದುಕೊಂಡಿತು. ಸಾಮಾನ್ಯ ಭಕ್ತರು ಈ ಎರಡರ ನಡುವೆ ನಿಂತಿದ್ದರು. ಚಿಕ್ಕಂದಿನಲ್ಲಿ ಕಲಿತ ಭಯ ಮೈಯೊಳಗೆ ಹಾಗೆಯೇ ಇತ್ತು, ಅದನ್ನು ಹೇಳಿಕೊಳ್ಳುವ ಜಾಗ ಮಾತ್ರ ಇಲ್ಲವಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಚಿತ್ರ ಬಂತು. ಹೊರಗೆ ವಾಟರ್‌ಗೇಟ್ ವಿಚಾರಣೆ ನಡೆಯುತ್ತಿತ್ತು, ವಿಯೆಟ್ನಾಮ್ ಯುದ್ಧದ ಗಾಯ ಆರಿರಲಿಲ್ಲ. ನಂಬಿಕೊಂಡಿದ್ದ ದೊಡ್ಡ ದೊಡ್ಡ ಮನೆಗಳೇ ಅಲುಗಾಡುತ್ತಿದ್ದವು.

ಚರ್ಚಿನವರ ಪ್ರತಿಕ್ರಿಯೆಯೂ ಒಂದೇ ಬಗೆಯದಾಗಿರಲಿಲ್ಲ. ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳ ಚಲನಚಿತ್ರ ಕಚೇರಿ ಚಿತ್ರವನ್ನು ಖಂಡಿಸಲಿಲ್ಲ. ವಯಸ್ಕರು ನೋಡಬಹುದು, ಆದರೆ ಎಚ್ಚರವಿರಲಿ ಎಂದಿತು. ವಿಲಿಯಂ ಓಮ್ಯಾಲಿ ಎಂಬ ಜೆಸ್ಯೂಟ್ ಪಾದ್ರಿ ಚಿತ್ರದಲ್ಲಿ ಫಾದರ್ ಡೈಯರ್ ಪಾತ್ರವನ್ನೇ ಮಾಡಿದ್ದರು. ಇನ್ನೊಂದೆಡೆ ಪ್ರಾಟೆಸ್ಟೆಂಟ್ ಪ್ರಚಾರಕ ಬಿಲ್ಲಿ ಗ್ರಹಾಂ ಚಿತ್ರದಲ್ಲೇ ದುಷ್ಟಶಕ್ತಿ ಇದೆ ಎಂಬರ್ಥದ ಮಾತಾಡಿದರೆಂದು ವ್ಯಾಪಕವಾಗಿ ವರದಿಯಾಯಿತು. ವಿಮರ್ಶಕಿ ಪಾಲಿನ್ ಕೇಲ್‌ಗೆ ಇದು ಚರ್ಚಿಗೆ ಜನ ಸೇರಿಸುವ ಜಾಹೀರಾತಿನಂತೆ ಕಂಡಿತು. ರೋಜರ್ ಇಬರ್ಟ್ ಚಿತ್ರವನ್ನು ಮನಸಾರೆ ಮೆಚ್ಚಿದರು. ಆದರೆ ಜನ ಇಂಥದ್ದನ್ನು ಯಾಕೆ ಬಯಸಿ ಬರುತ್ತಾರೆ ಎಂದು ಕಳವಳಪಟ್ಟರು. ಒಬ್ಬರಿಗೆ ಇದು ಸೈತಾನನ ಸೇವೆ, ಇನ್ನೊಬ್ಬರಿಗೆ ಚರ್ಚಿನ ಸೇವೆ. ಚಿತ್ರ ಮಾತ್ರ ಒಂದೇ.

ಇನ್ನು ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಜನ ತಾಳಲಾರದೆ ತಲೆ ತಗ್ಗಿಸಿದ್ದು ಎಲ್ಲಿ ಎಂದು ಕೇಳಿದರೆ, ತಲೆ ಹಿಂದಕ್ಕೆ ತಿರುಗುವ ದೃಶ್ಯ, ಹಸಿರು ವಾಂತಿಯ ದೃಶ್ಯ ಎಂದು ನಾವು ಊಹಿಸುತ್ತೇವೆ. ಆದರೆ ಅನೇಕರು ಹೇಳಿದ್ದು ಆಸ್ಪತ್ರೆಯ ದೃಶ್ಯವನ್ನು. ಕಾದಂಬರಿಕಾರ ಬ್ಲಾಟಿಗೇ ಅದನ್ನು ನೋಡಲಾಗುತ್ತಿರಲಿಲ್ಲ. ರೀಗನ್‌ಳನ್ನು ಮೇಜಿನ ಮೇಲೆ ಮಲಗಿಸಿ, ಕುತ್ತಿಗೆ ಒರೆಸಿ, ದಪ್ಪ ಸೂಜಿಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ರಕ್ತ ಚಿಮ್ಮುತ್ತದೆ. ಕೊಳವೆ ಜೋಡಿಸುತ್ತಾರೆ, ಎಕ್ಸ್‌ರೇ ಯಂತ್ರ ಬಡಬಡನೆ ಸದ್ದು ಮಾಡುತ್ತದೆ. ಹುಡುಗಿಯ ಮುಖ ಹಿಂಡಿಕೊಳ್ಳುತ್ತದೆ. ಅಲ್ಲಿ ಪಾದ್ರಿಯಿಲ್ಲ, ಶಿಲುಬೆಯಿಲ್ಲ, ಪಿಶಾಚಿಯ ದನಿಯಿಲ್ಲ. ತಮ್ಮ ಕೆಲಸ ತಿಳಿದ, ಒಳ್ಳೆಯ ಮನಸ್ಸಿನ ವೈದ್ಯರಿದ್ದಾರೆ. ಇಷ್ಟೆಲ್ಲ ಮಾಡಿದ ಮೇಲೂ ಎಕ್ಸ್‌ರೇ ಚಿತ್ರದಲ್ಲಿ ಏನೂ ಕಾಣುವುದಿಲ್ಲ.

ಮಗುವಿಗೆ ಕಾಯಿಲೆ ಬಂದು, ಒಂದಾದ ಮೇಲೊಂದು ಪರೀಕ್ಷೆ ಮಾಡಿಸಿ, ವರದಿಯಲ್ಲಿ ಏನೂ ಇಲ್ಲ ಎಂದು ಕೇಳಿಸಿಕೊಂಡ ತಾಯಿ ಆ ಚಿತ್ರಮಂದಿರದಲ್ಲಿ ಇದ್ದಿರಲಾರಳೇ? ಅವಳು ಎದ್ದು ಹೊರಗೆ ಹೋಗಿದ್ದರೆ ಅದನ್ನು 'ಪಿಶಾಚಿಗೆ ಹೆದರಿದಳು' ಎಂದು ಬರೆದುಕೊಳ್ಳುವುದು ಎಷ್ಟು ಸರಿ? ಧರ್ಮ ಮತ್ತು ವಿಜ್ಞಾನ ಇವೆರಡರ ನಡುವಿನ ಗೆರೆ ಆ ದೃಶ್ಯದಲ್ಲಿ ಮಸುಕಾಗುತ್ತದೆ. ವೈದ್ಯರೇ ಕೊನೆಗೆ, ಬೇಕಾದರೆ ಪಾದ್ರಿಗಳಿಂದ ಭೂತೋಚ್ಚಾಟನೆ ಮಾಡಿಸಿ ನೋಡಿ ಎಂದು ತಾಯಿಗೆ ಸೂಚಿಸುತ್ತಾರೆ. ದೇವರನ್ನು ನಂಬದ ತಾಯಿ, ನಂಬಿಕೆ ಕಳೆದುಕೊಳ್ಳುತ್ತಿರುವ ಪಾದ್ರಿಯ ಹತ್ತಿರ ಕೈ ಮುಗಿದು ಬರುತ್ತಾಳೆ. ಚಿತ್ರದ ನಿಜವಾದ ಹಿಡಿತ ಇರುವುದು ಈ ಭೇಟಿಯಲ್ಲಿ.

ಪ್ರೇಕ್ಷಕರು ಕಥೆಗಾರನ ಮಾತನ್ನೂ ಮೀರಿದರು ಎಂಬುದು ಇನ್ನೊಂದು ದೊಡ್ಡ ಪಾಠ. ಬ್ಲಾಟಿ ಲೆಬನಾನ್ ಮೂಲದ ಕ್ಯಾಥೊಲಿಕ್ ಕುಟುಂಬದವರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1949ರಲ್ಲಿ ಮೇರಿಲ್ಯಾಂಡಿನ ಬಾಲಕನೊಬ್ಬನ ಭೂತೋಚ್ಚಾಟನೆಯ ಸುದ್ದಿ ಅವರ ಮನಸ್ಸಿನಲ್ಲಿ ಕೂತಿತು. ದುಷ್ಟಶಕ್ತಿ ಇದೆಯೆಂದಾದರೆ ದೇವರೂ ಇದ್ದಾನೆ ಎಂದು ತೋರಿಸುವ ಶ್ರದ್ಧೆಯ ಕೃತಿಯನ್ನು ತಾನು ಬರೆದೆ ಎಂದು ಅವರು ಕೊನೆಯವರೆಗೂ ನಂಬಿದ್ದರು. ಚಿತ್ರದ ಕೊನೆಯಲ್ಲಿ, ನಂಬಿಕೆ ಕಳೆದುಕೊಳ್ಳುತ್ತಿದ್ದ ಆ ಪಾದ್ರಿ, ಫಾದರ್ ಕ್ಯಾರಸ್, ಪಿಶಾಚಿಯನ್ನು ತನ್ನ ಮೈಗೆ ಕರೆದುಕೊಂಡು ಕಿಟಕಿಯಿಂದ ಹಾರಿ ಪ್ರಾಣ ಬಿಡುತ್ತಾರೆ. ಬ್ಲಾಟಿಯ ಪ್ರಕಾರ ಇದು ಪ್ರೀತಿಯ ಗೆಲುವು. ಆದರೆ ಎಷ್ಟೋ ಜನ ಪಿಶಾಚಿಯೇ ಗೆದ್ದಿತು ಎಂದುಕೊಂಡು ಹೊರಬಂದರು. ಇದು ಬ್ಲಾಟಿಯನ್ನು ಬಹಳ ಕಾಲ ಕಾಡಿತು. 2000ನೇ ಇಸವಿಯಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗ, ಹಿಂದೆ ಕತ್ತರಿಸಿದ್ದ ಕೆಲವು ದೃಶ್ಯಗಳನ್ನು ಸೇರಿಸಲಾಯಿತು. ಇಂಥ ಹಿಂಸೆ ಯಾತಕ್ಕೆ ಎಂದು ಇಬ್ಬರು ಪಾದ್ರಿಗಳು ಮೆಟ್ಟಿಲ ಮೇಲೆ ಕೂತು ಆಡುವ ಮಾತು, ಹಾಗೂ ಬದುಕು ಮುಂದುವರಿಯುತ್ತದೆ ಎಂಬ ಭರವಸೆ ಕೊಡುವ ಕೊನೆಯ ಸಂಭಾಷಣೆ ಅವುಗಳಲ್ಲಿ ಸೇರಿವೆ. ಪ್ರೇಕ್ಷಕರ ಪ್ರತಿಕ್ರಿಯೆ 27 ವರ್ಷಗಳ ನಂತರ ಚಿತ್ರದ ರೂಪವನ್ನೇ ಬದಲಿಸಿತು. ನೋಡುಗರ ಭಯಕ್ಕೆ ಇಷ್ಟು ಬಲವಿದೆ.

ಆ ಕಾಲದಲ್ಲಿ ನೋಡುಗರ ಮಾತನ್ನು ಕೂತು ಕೇಳಿದವರೊಬ್ಬರನ್ನು ನೆನೆಯಬೇಕು. ಮನೋವೈದ್ಯ ಜೇಮ್ಸ್ ಬೊಜುಟೊ 1975ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಈ ಚಿತ್ರ ನೋಡಿದ ಮೇಲೆ ಮಾನಸಿಕವಾಗಿ ಕುಸಿದ ನಾಲ್ವರ ವಿವರ ಬರೆದರು. ಚಿತ್ರವೇ ರೋಗ ತಂದಿತು ಎಂದು ಅವರು ಹೇಳಲಿಲ್ಲ. ಮೊದಲೇ ಒಳಗಿದ್ದ, ಬಗೆಹರಿಯದ ಸಂಕಟಗಳನ್ನು ಚಿತ್ರ ಮೇಲಕ್ಕೆ ತಂದಿತು ಎಂದರು. ನಾಲ್ಕೇ ಜನರ ಅಧ್ಯಯನದಿಂದ ಇಡೀ ಸಮಾಜದ ಬಗ್ಗೆ ತೀರ್ಮಾನಕ್ಕೆ ಬರಲಾಗದು, ನಿಜ. ಆದರೂ ಅವರ ಕ್ರಮ ನಮಗೆ ಮಾದರಿ. ಹೆದರಿದವರನ್ನು ಎದುರಿಗೆ ಕೂರಿಸಿಕೊಂಡು, ಅವರ ಬದುಕಿನ ಕಥೆಯನ್ನೂ ಸಿನಿಮಾದ ಕಥೆಯನ್ನೂ ಜೊತೆಜೊತೆಗೆ ಓದಿದರು.

ಬ್ರಿಟನ್ನಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಚಿತ್ರಮಂದಿರದಲ್ಲಿ ಪ್ರದರ್ಶನ ಕಂಡಿದ್ದ ಚಿತ್ರ 1984ರ ವಿಡಿಯೊ ಕಾಯ್ದೆಯ ನಂತರ, 1988ರಿಂದ 1999ರವರೆಗೆ ಮನೆಯಲ್ಲಿ ನೋಡುವ ವಿಡಿಯೊ ರೂಪದಲ್ಲಿ ಅಧಿಕೃತವಾಗಿ ಸಿಗಲಿಲ್ಲ. ಹದಿಹರೆಯದ ಹುಡುಗಿಯರ ಮನಸ್ಸಿಗೆ ಘಾಸಿಯಾದೀತೆಂಬುದು ಸೆನ್ಸಾರ್ ಮಂಡಳಿಯ ಆತಂಕ. ಕಾಳಜಿ ಪ್ರಾಮಾಣಿಕವೇ ಇದ್ದೀತು. ಆದರೆ ಯಾರ ಹೆಸರಿನಲ್ಲಿ ಕಾಳಜಿ ವ್ಯಕ್ತವಾಯಿತೋ ಆ ಹುಡುಗಿಯರ ಸ್ವಂತ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. 2022ರ ಸೆಪ್ಟೆಂಬರ್ 30ರಂದು ತುಳುನಾಡಿನ ದೈವಾರಾಧನೆಯ ಕಥೆಯಿರುವ ರಿಷಬ್ ಶೆಟ್ಟಿಯವರ 'ಕಾಂತಾರ' ಚಿತ್ರ ಬಂದಾಗ ಚಿತ್ರಮಂದಿರಗಳಲ್ಲಿ ಕೈ ಮುಗಿದು ನಿಂತವರು, ಕಣ್ಣೀರು ಹಾಕಿದವರು, ಮೈಮೇಲೆ ಬಂದಂತೆ ನಡುಗಿದವರ ಸುದ್ದಿ ನಾವೆಲ್ಲ ಓದಿದ್ದೇವೆ. ಅದನ್ನು 'ಎಕ್ಸಾರ್ಸಿಸ್ಟ್'ನ ಪಕ್ಕದಲ್ಲಿಟ್ಟು ನೋಡುವಾಗ ಬಹಳ ಎಚ್ಚರ ಬೇಕು. ಅಲ್ಲಿ ಮೈ ಹೊಕ್ಕದ್ದನ್ನು ಓಡಿಸಬೇಕು. ತುಳುನಾಡಿನ ಕೋಲವೆಂಬ ಆಚರಣೆಯಲ್ಲಿ ದೈವವನ್ನು ಕರೆಯುತ್ತಾರೆ, ಗಂಧಪ್ರಸಾದ ಬೇಡುತ್ತಾರೆ, ನ್ಯಾಯ ಕೇಳುತ್ತಾರೆ, ಅಭಯದ ನುಡಿ ಪಡೆದು ಮನೆಗೆ ಹೋಗುತ್ತಾರೆ. ಪಂಜುರ್ಲಿ, ಗುಳಿಗ ಎಂಬ ದೈವಗಳಿಗೆ ಜನ ಹೆದರುತ್ತಾರೆ. ಆದರೆ ಅದು ಮನೆಯ ಹಿರಿಯರಿಗೆ ಹೆದರುವಂಥ, ನೆಚ್ಚಿಕೊಂಡ ಭಯ. ಆದ್ದರಿಂದ ಪಶ್ಚಿಮದ ಭಯಾನಕ ಸಿನಿಮಾಕ್ಕೆಂದು ರೂಪುಗೊಂಡ ಸಿದ್ಧಾಂತಗಳನ್ನು ಇದ್ದಹಾಗೆಯೇ ತಂದು ನಮ್ಮ ಪ್ರೇಕ್ಷಕರ ಮೇಲೆ ಹೊರಿಸಬಾರದು.

ಇನ್ನೊಂದು ಸಂಗತಿ. 2025ರ ಅಕ್ಟೋಬರ್ 2ರಂದು 'ಕಾಂತಾರ: ಅಧ್ಯಾಯ 1' ಬಿಡುಗಡೆಯಾದಾಗ ಕೆಲವರು ದೈವದ ವೇಷ ಹಾಕಿ ಚಿತ್ರಮಂದಿರಕ್ಕೆ ಬಂದರು. ದೈವಾರಾಧಕರು ನೊಂದುಕೊಂಡರು, ಅನುಕರಣೆ ಬೇಡವೆಂದು ಚಿತ್ರ ನಿರ್ಮಾಣ ಸಂಸ್ಥೆಯೇ ಸಾರ್ವಜನಿಕವಾಗಿ ಕೇಳಿಕೊಂಡಿತು. ಪಂಬದ, ಪರವ, ನಲಿಕೆ ಸಮುದಾಯಗಳವರು ವ್ರತ ಹಿಡಿದು, ದೈವದ ಕಥೆ ಹೇಳುವ ಪಾಡ್ದನ ಕಲಿತು, ತಲೆಮಾರುಗಳಿಂದ ಕಟ್ಟುವ ವೇಷ ಅದು. ಅವರೂ ಈ ಚಿತ್ರಗಳ ಪ್ರೇಕ್ಷಕರೇ. ಮೈಮೇಲೆ ಬಂದವರನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಊರಿಗೆಲ್ಲ ಹಂಚಿದೆವು. ಆದರೆ ಕೋಲ ಕಟ್ಟುವವರು ಪರದೆಯ ಮೇಲೆ ತಮ್ಮ ದೈವವನ್ನು ಕಂಡಾಗ ಅವರಿಗೆ ಏನನ್ನಿಸಿತು ಎಂದು ಎಷ್ಟು ಜನ ಕೇಳಿದ್ದೇವೆ? ಈ ಪ್ರಶ್ನೆ ನನ್ನನ್ನು ನಿಜವಾಗಿ ಕಾಡುತ್ತದೆ.

ಈ ಹಿನ್ನೆಲೆಯಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನದು ಮೂರು ಕೋರಿಕೆ. ಮೊದಲನೆಯದು, ಪ್ರತಿಕ್ರಿಯೆಯನ್ನು ಉಲ್ಲೇಖಿಸುವಾಗ ಅದನ್ನು ದಾಖಲಿಸಿದವರು ಯಾರು, ಯಾರ ಲಾಭಕ್ಕಾಗಿ ದಾಖಲಿಸಿದರು ಎಂದು ಹೇಳಿ. ಎರಡನೆಯದು, 'ಜನ ಹೆದರಿದರು' ಎಂದು ನಿಲ್ಲಿಸಬೇಡಿ; ಯಾವ ದೃಶ್ಯಕ್ಕೆ, ಯಾವ ಸದ್ದಿಗೆ, ಯಾವ ನೆನಪಿಗೆ ಎಂದು ಕೇಳಿ. ಆಸ್ಪತ್ರೆಯ ಸೂಜಿಯನ್ನೂ ಪಿಶಾಚಿಯನ್ನೂ ಒಂದೇ ಖಾತೆಗೆ ಬರೆಯಬೇಡಿ. ಮೂರನೆಯದು, ನಡುಗುತ್ತಿರುವವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ನಿಮ್ಮ ಪರದೆಯ ಮೇಲೆ ತೋರಿಸಬೇಡಿ. ಅವರು ನಮ್ಮ ಸಂಶೋಧನೆಯ ಸರಕಲ್ಲ. ನಮಗೆ ತಿಳಿವಳಿಕೆ ಕೊಡುವವರು.

ಕೊನೆಯದಾಗಿ ಒಂದು ಕೆಲಸದ ಪ್ರಸ್ತಾಪ. ಕನ್ನಡದ ಪ್ರೇಕ್ಷಕರ ಮೌಖಿಕ ದಾಖಲೆಗಳ ಸಂಗ್ರಹವೊಂದು ಈ ಸಂಕಿರಣದಿಂದ ಆರಂಭವಾಗಲಿ. ಟೂರಿಂಗ್ ಟಾಕೀಸಿನಲ್ಲಿ ಭಕ್ತಿಚಿತ್ರ ನೋಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. 'ಕಾಂತಾರ' ನೋಡಿ ನಡುಗಿದ ಯುವಕರೂ, ಅದನ್ನು ನೋಡಿ ಒಪ್ಪದ ದೈವಾರಾಧಕರೂ ಇದ್ದಾರೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರೂ ತಮ್ಮ ಊರಿನ ಕೆಲವರ ಮಾತನ್ನಾದರೂ ಅವರದೇ ಭಾಷೆಯಲ್ಲಿ, ತುಳುವೋ ಕನ್ನಡವೋ ಬ್ಯಾರಿಯೋ ಕೊಂಕಣಿಯೋ, ದಾಖಲಿಸಿದರೆ, ಮುಂದಿನ ಸಂಶೋಧಕರು ಪತ್ರಿಕಾ ತುಣುಕುಗಳನ್ನೇ ನೆಚ್ಚಿಕೊಳ್ಳಬೇಕಾಗುವುದಿಲ್ಲ. ನಾಳೆ ಸಂಜೆಯ ಸಮಾರೋಪದ ಹೊತ್ತಿಗೆ ಇದಕ್ಕೊಂದು ತಂಡ ಸಿದ್ಧವಾಗಲಿ ಎಂದು ಆಶಿಸುತ್ತೇನೆ. ನನ್ನ ಪಾಲಿನ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.