ಅರಬ್ಬಿಯಲ್ಲಿ ಬೇರು, ಕನ್ನಡದಲ್ಲಿ ಹರಿವು



ಕನ್ನಡದಿಂದ ಅರಬ್ಬಿ-ಪಾರಸಿ ಪದಗಳನ್ನು ಹೊರಹಾಕಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಇಂಥದೇ ವಿವಾದ ಅರಬ್ಬಿಯಲ್ಲೂ ಶತಮಾನಗಳ ಹಿಂದೆಯೇ ನಡೆದಿದೆ. ಗಿಡಕ್ಕೂ ನೀರಿಗೂ ಸೇರಿದ ಕೆಲವೇ ಪದಗಳನ್ನು ಹಿಡಿದು ಅದನ್ನು ತಮ್ಮ ಮುಂದಿಡುತ್ತೇನೆ.

ಅರಬ್ಬಿಯ ಪದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ‘ನಬತ’ ಎಂದರೆ ಮೊಳೆಯಿತು, ‘ನಬಾತ್’ ಸಸ್ಯ. ಕೊನೆಯ ವ್ಯಂಜನ ಬದಲಾದರೆ ‘ನಬಅ’, ಅಂದರೆ ನೀರು ಚಿಮ್ಮಿತು. ಮೊಳಕೆಗೂ ಒರತೆಗೂ ನೆಲ ಸೀಳಿ ಮೇಲೇಳುವ ಒಂದೇ ಚಲನೆ. 1002ರಲ್ಲಿ ತೀರಿಕೊಂಡ ವೈಯಾಕರಣ ಇಬ್ನ್ ಜಿನ್ನಿ ಧ್ವನಿಸಾಮೀಪ್ಯಕ್ಕೂ ಅರ್ಥಸಾಮೀಪ್ಯಕ್ಕೂ ನಂಟುಂಟೆಂದು ವಾದಿಸಿದನು. ಈ ವಾದ ಎಲ್ಲೆಡೆ ನಿಲ್ಲದು. ಇಲ್ಲಿ ಮಾತ್ರ ತಳ್ಳಿಹಾಕಲು ಮನಸ್ಸಾಗದು.

ಧಾತುವಿಗೆ ಒಗ್ಗದ ಪದಗಳೂ ಇವೆ. ಕುರಾನಿನ 76ನೆಯ ಅಧ್ಯಾಯದಲ್ಲಿ ಸ್ವರ್ಗದ ಪಾನೀಯಕ್ಕೆ ‘ಜಂಜಬೀಲ್’ ಬೆರೆತಿರುತ್ತದೆ. ಬೆನ್ನಿಗೇ ‘ಸಲ್ಸಬೀಲ್’ ಎಂಬ ಚಿಲುಮೆಯ ಹೆಸರು. ಗಂಟಲಲ್ಲಿ ಸಲೀಸಾಗಿ ಇಳಿಯುವ ನೀರು ಎಂದು ನಿಘಂಟುಕಾರರು ಇದನ್ನು ಅರ್ಥೈಸಿದರು. (ನಮ್ಮ ‘ಸಲೀಸು’ ಕೂಡ ಅರಬ್ಬಿಯದೇ.) ಜಂಜಬೀಲ್ ಎಂದರೆ ಶುಂಠಿ. ಪಾಳಿಯ ‘ಸಿಂಗಿವೇರ’ ಪಡುವಣಕ್ಕೆ ಸಾಗಿ, ಹಳೆಯ ಪಾರಸಿ, ಸಿರಿಯಾಕ್ ನಾಲಗೆಗಳ ಮೇಲೆ ಸವೆದು ಅರಬ್ಬಿಯನ್ನು ಸೇರಿತು. ಸಂಸ್ಕೃತದ ‘ಶೃಂಗವೇರ’ಕ್ಕೆ ಕೊಂಬಿನ ಆಕಾರ ಕಾರಣವೆಂಬುದು ಆಮೇಲಿನ ಸಮರ್ಥನೆ, ದ್ರಾವಿಡ ಭಾಷಾವಿಜ್ಞಾನಿಗಳು ಅದರಲ್ಲಿ ತಮಿಳಿನ ‘ಇಂಜಿ’ಯ ಹಿಂದಿನ ರೂಪವನ್ನೂ ‘ವೇರ್’ ಪದವನ್ನೂ ಕಾಣುತ್ತಾರೆ. ಆ ವೇರ್ ನಮ್ಮ ‘ಬೇರು’. ಸೋಜಿಗವೆಂದರೆ ನಾವು ಇಂಜಿಯನ್ನು ಬಿಟ್ಟು ಸಂಸ್ಕೃತಮೂಲದ ಶುಂಠಿಯನ್ನು ಹಿಡಿದಿದ್ದೇವೆ.

ಕುರಾನಿನಲ್ಲಿ ಅನ್ಯಪದವೇ ಇಲ್ಲವೆಂದು 820ರಲ್ಲಿ ತೀರಿಕೊಂಡ ಧರ್ಮಶಾಸ್ತ್ರಜ್ಞ ಶಾಫಿಈ ಸಾಧಿಸಿದನು. ಮೂಲ ಹೊರಗಿನದಾದರೂ ಅರಬ್ಬರ ನಾಲಗೆಗೆ ಒಗ್ಗಿದ ಮೇಲೆ ಪದ ಅರಬ್ಬಿಯದೇ ಎಂದರು ಇತರ ಪಂಡಿತರು; ಸುಯೂತಿಯಂಥವನು ಅನ್ಯಪದಗಳ ಪಟ್ಟಿಯನ್ನೇ ಮಾಡಿದನು. ಆರ್ಥರ್ ಜೆಫ್ರಿ ಈ ಪದಗಳ ಕುರಿತು ಬರೆದ ಗ್ರಂಥ 1938ರಲ್ಲಿ ಅಚ್ಚಾದದ್ದು ನಮ್ಮ ಬರೋಡದಲ್ಲಿ.

ಈಗ ನಮ್ಮ ಕಡತಕ್ಕೆ ಬರೋಣ. ಅರಬ್ಬಿಯಲ್ಲಿ ‘ಜಾರಿ’ ಎಂದರೆ ಹರಿಯುತ್ತಿರುವುದು. ಪಾರಸಿ ದಫ್ತರಗಳ ಮೂಲಕ ಅದು ನಮ್ಮಲ್ಲಿಗೆ ಬಂತು. ಆದೇಶ ಹೊರಡುವುದು ಒಂದು, ಜಾರಿಯಾಗುವುದು ಇನ್ನೊಂದು. ಮೊದಲನೆಯದು ಕಾಗದ, ಎರಡನೆಯದು ಕಾಲುವೆಗೆ ಬಿಟ್ಟ ನೀರು. ‘ಅನುಷ್ಠಾನ’ವನ್ನು ಅದರ ಜಾಗದಲ್ಲಿ ಕೂರಿಸಿದರೆ ಈ ಹರಿವು ಒಣಗುತ್ತದೆ. ಕನ್ನಡದ ‘ಜಾರು’ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಸರ್ಕಾರಿ ಸೇವೆಯಲ್ಲಿ ತಲೆ ನರೆತ ನಾನು ಜಾರಿಯಾದ ಆದೇಶಗಳನ್ನೂ ಜಾರಿಹೋದ ಆದೇಶಗಳನ್ನೂ ಬೇಕಾದಷ್ಟು ಕಂಡಿದ್ದೇನೆ.